ಒಂಟಿಯೋ ಜಂಟಿಯೋ

ಹೊಸಕೊಪ್ಪಲಿನಲ್ಲಿ ಟೈ ಕಟ್ಟಿಕೊಂಡು ಡೇರಿಗೆ ಹಾಲು ಹಾಕಲು ಹೋಗುವ ಮನುಷ್ಯ ಒಬ್ಬನೇ ಇದ್ದ. ಅವನೇ ಶಿವಪ್ರಕಾಶ. ಆ ಟೈಯನ್ನು ಅವನ ಹಸುವೇ ಒಂದೆರಡು ಬಾರಿ ಮೇಯಲು ನೋಡಿತ್ತು. ಒಮ್ಮೆ ಅದು ಹಾಲಿನ ಕ್ಯಾನಿನೊಳಗೆ ಇಳಿದು, ಡೇರಿಯ ಸೆಕ್ರೆಟರಿಯಿಂದ ಬೈಸಿಕೊಂಡದ್ದೂ ಆಗಿತ್ತು. ಆದರೂ ಶಿವಪ್ರಕಾಶ ಟೈ ಬಿಡಲಿಲ್ಲ. ಹುದ್ದೆ ಅಂಥದ್ದು.

ಹುದ್ದೆಯ ಹೆಸರು ಗೆಸ್ಟ್ ರಿಲೇಷನ್ಸ್ ಎಕ್ಸಿಕ್ಯೂಟಿವ್. ಹಾರಂಗಿ ಹಿನ್ನೀರಿನ ದಡದಲ್ಲಿ ಹೊಸದಾಗಿ ಎದ್ದ ರೆಸಾರ್ಟೊಂದರಲ್ಲಿ ಅವನು ಆ ಕೆಲಸದಲ್ಲಿದ್ದಾನೆಂದು ಇಡೀ ಊರು ನಂಬಿತ್ತು. ಅದನ್ನು ಒಂದೇ ಉಸಿರಿನಲ್ಲಿ ಹೇಳಲು ಯಾರಿಗೂ ಬರುತ್ತಿರಲಿಲ್ಲವಾದ್ದರಿಂದ ಅದು ದೊಡ್ಡ ಹುದ್ದೆಯೇ ಇರಬೇಕೆಂದು ತೀರ್ಮಾನವಾಗಿತ್ತು. ಆದರೆ ಆ ಹುದ್ದೆಯನ್ನು ಶಿವಪ್ರಕಾಶನಿಗೆ ಕೊಟ್ಟವರು ರೆಸಾರ್ಟಿನವರಲ್ಲ, ಸ್ವತಃ ಶಿವಪ್ರಕಾಶ. ರೆಸಾರ್ಟಿನವರು ಕೊಟ್ಟದ್ದು ಆನೆಯ ವೇಷ.

ಅವನದೊಂದು ಫೋಟೋ ಸ್ಟುಡಿಯೋ ಕುಶಾಲನಗರದಲ್ಲಿತ್ತು. ಊರಿನ ನಾಮಕರಣ, ಗೃಹಪ್ರವೇಶ, ಮದುವೆ ಎಲ್ಲಕ್ಕೂ ಅವನದೇ ಕ್ಯಾಮರಾ. ಆಮೇಲೆ ಎಲ್ಲರ ಜೇಬಿಗೂ ಮೊಬೈಲು ಬಂತು. ಮದುಮಕ್ಕಳೇ ತಮ್ಮ ಫೋಟೋ ತಾವೇ ತೆಗೆದುಕೊಳ್ಳತೊಡಗಿದ ಮೇಲೆ ಸ್ಟುಡಿಯೋದ ಬಾಗಿಲು ಮುಚ್ಚಿತು. ಕೆಲಸ ಹುಡುಕಿಕೊಂಡು ರೆಸಾರ್ಟಿಗೆ ಹೋದಾಗ ಮ್ಯಾನೇಜರು ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿ, ‘ಅಳತೆ ಸರಿಯಾಗಿದೆ’ ಎಂದಿದ್ದರು. ಯಾವುದರ ಅಳತೆ ಎನ್ನುವುದು ಶಿವಪ್ರಕಾಶನಿಗೆ ಮಾರನೆಯ ದಿನ ಗೊತ್ತಾಯಿತು. ದೊಡ್ಡ ಕಿವಿ, ಹತ್ತಿ ತುಂಬಿದ ಹೊಟ್ಟೆ, ಒಳಗಿನಿಂದ ದಾರ ಎಳೆದರೆ ಏಳುವ ಸೊಂಡಿಲು. ಬಂದ ಅತಿಥಿಗಳನ್ನು ಗೇಟಿನಲ್ಲಿ ಎದುರುಗೊಳ್ಳಬೇಕು, ಮಕ್ಕಳ ಜೊತೆ ಕುಣಿಯಬೇಕು, ತಬ್ಬಲು ಬಂದವರಿಂದ ತಬ್ಬಿಸಿಕೊಳ್ಳಬೇಕು. ದಿನಾ ಟೈ ಕಟ್ಟಿಕೊಂಡು ಹೋಗಿ, ಹಿಂದಿನ ಕೋಣೆಯಲ್ಲಿ ಟೈ ಬಿಚ್ಚಿ ಆನೆಯಾಗಿ, ಸಂಜೆ ಮತ್ತೆ ಟೈ ಕಟ್ಟಿಕೊಂಡು ಮನುಷ್ಯನಾಗಿ ಊರಿಗೆ ಬರುತ್ತಿದ್ದ.

ಈ ಸಂಗತಿ ಅವನ ಹೆಂಡತಿಗೂ ಗೊತ್ತಿರಲಿಲ್ಲ. ಹೆಂಡತಿ ರಂಜಿತಾ ನರ್ಸು. ಅಮೆರಿಕದ ಓಹಾಯೋ ಎಂಬಲ್ಲಿ ವೃದ್ಧಾಶ್ರಮವೊಂದರಲ್ಲಿ ಕೆಲಸ ಸಿಕ್ಕಿ ಹೋಗಿದ್ದಳು. ಗಂಡನ ವೀಸಾ ಇವತ್ತು ಬರುತ್ತದೆ, ನಾಳೆ ಬರುತ್ತದೆ ಎಂದು ಕಾಯುವುದರಲ್ಲೇ ಕಾಫಿ ಎರಡು ಸಲ ಹೂಬಿಟ್ಟಿತ್ತು. ಅವಳು ಡ್ಯೂಟಿ ಮುಗಿಸಿ ವಾಯ್ಸ್ ಮೆಸೇಜು ಕಳಿಸುವ ಹೊತ್ತೂ ಇಲ್ಲಿ ಡೇರಿಯ ಹೊತ್ತೂ ಒಂದೇ. ಶಿವಪ್ರಕಾಶ ಅದನ್ನು ಡೇರಿಯ ಕ್ಯೂನಲ್ಲಿ ನಿಂತು, ಸ್ಪೀಕರ್ ಹಾಕಿಯೇ ಕೇಳುತ್ತಿದ್ದ. ಅಮೆರಿಕದಿಂದ ಬಂದ ಧ್ವನಿಯನ್ನು ಕಿವಿಗೆ ಒತ್ತಿಕೊಂಡು ಒಬ್ಬನೇ ಕೇಳುವುದು ಅವನಿಗೆ ವ್ಯರ್ಥ ಅನ್ನಿಸುತ್ತಿತ್ತು.

ಏಪ್ರಿಲ್ ಹತ್ತಿರ ಬರುವಾಗ ರಂಜಿತಾ ಟ್ಯಾಕ್ಸ್ ವಿಷಯ ಎತ್ತಿದಳು. ಆ ದೇಶದಲ್ಲಿ ಮದುವೆಯಾದವರು ತೆರಿಗೆ ಲೆಕ್ಕವನ್ನು ಗಂಡ ಹೆಂಡತಿ ಸೇರಿ ಜಾಯಿಂಟಾಗಿ ಕೊಡುತ್ತಾರೋ ಬೇರೆ ಬೇರೆಯಾಗಿ ಸೆಪರೇಟಾಗಿ ಕೊಡುತ್ತಾರೋ ಎಂದು ಆರಿಸಿಕೊಳ್ಳಬೇಕಂತೆ. ಲೆಕ್ಕ ಬರೆಯುವವರನ್ನು ವಿಚಾರಿಸಿ ಹೇಳುತ್ತೇನೆ ಎಂದು ಹಿಂದಿನ ದಿನ ಅವಳೇ ಹೇಳಿದ್ದಳು. ವಿಚಾರಿಸಿದ ಫಲ ಮಾರನೆಯ ಬೆಳಿಗ್ಗೆ ಡೇರಿಯಲ್ಲಿ ಸ್ಪೀಕರಿನಿಂದ ಹೊರಬಂತು.

“ರೀ, ಕೇಳ್ದೆ ಅವ್ರನ್ನ. ಮದುವೆ ಆಗಿದೆ, ಆದ್ರೆ ಗಂಡ ಜೊತೇಲಿಲ್ಲ ಅಂದೆ. ಹಂಗಾದ್ರೆ ಸೆಪರೇಟ್ ಮಾಡ್ತೀಯಾ, ಜಾಯಿಂಟಾ ಅಂತ ಕೇಳಿದ್ರು. ಜಾಯಿಂಟ್ ಅಂದ್ರೆ ನಿಮ್ಮ ಸಂಪಾದನೆ, ನಿಮ್ಮ ಕೆಲಸ ಏನು ಎತ್ತ ಎಲ್ಲಾ ಬರೀಬೇಕು, ನೀವೂ ಸೈನ್ ಹಾಕ್ಬೇಕು. ಸೆಪರೇಟ್ ಆದ್ರೆ ನಿಮ್ದೇನೂ ಬೇಡ, ನಾನೊಬ್ಳೇ ಫೈಲ್ ಮಾಡಿ ಮುಗಿಸ್ಕೋತೀನಿ. ದುಡ್ಡು ಸ್ವಲ್ಪ ಜಾಸ್ತಿ ಹೋಗುತ್ತೆ, ಅಷ್ಟೆ. ಯಾವ್ದು ಅಂತ ಬೇಗ ಹೇಳಿ.”

ಹಾಲು ಅಳೆಯುತ್ತಿದ್ದ ಸೆಕ್ರೆಟರಿಯ ಕೈ ನಿಂತಿತು. ಕ್ಯೂನಲ್ಲಿದ್ದ ಕ್ಯಾನುಗಳ ಸದ್ದು ನಿಂತಿತು. ಶಿವಪ್ರಕಾಶನಿಗೆ ಇದೊಂದೂ ಕಾಣಲಿಲ್ಲ. ಅವನ ಕಿವಿಯಲ್ಲಿ ಕುಳಿತದ್ದು ‘ನಿಮ್ಮ ಕೆಲಸ ಏನು ಎತ್ತ’ ಎಂಬ ಮಾತೊಂದೇ. ಅಮೆರಿಕ ಸರ್ಕಾರದ ಕಾಗದದಲ್ಲಿ ತನ್ನ ಹೆಸರಿನ ಮುಂದೆ ಆನೆ ಬಂದು ನಿಂತಂತೆ ಕಣ್ಣಿಗೆ ಕಟ್ಟಿತು. ಅಮೆರಿಕ ದೂರವಾದ್ದರಿಂದ ಯಾವಾಗಲೂ ಹಾಗೆ ಮಾಡುತ್ತಿದ್ದಂತೆ ಜೋರಾಗಿ ಕೂಗಿ ಉತ್ತರ ಹೇಳಿದ:

“ರಂಜೂ, ಸೆಪರೇಟೇ ಮಾಡ್ಬಿಡು! ಜಾಯಿಂಟ್ ಬೇಡ್ವೇ ಬೇಡ. ನನ್ನ ಕಡೆಯಿಂದ ತಕರಾರಿಲ್ಲ. ದುಡ್ಡು ಹೋದ್ರೆ ಹೋಗ್ಲಿ, ಬೇಗ ಮುಗಿಸು!”

ಪಕ್ಕದ ಮನೆಯ ಸರ್ವಮಂಗಳ ಹಾಲಿನ ಕ್ಯಾನನ್ನು ನೆಲದ ಮೇಲಿಟ್ಟು ಸೆರಗು ಸರಿಮಾಡಿಕೊಂಡಳು. ಹೊಸಕೊಪ್ಪಲಿಗೆ ಪೇಪರು ಬರುವುದು ಮಧ್ಯಾಹ್ನಕ್ಕೆ. ಅದಕ್ಕೂ ಮೊದಲಿನ ಸುದ್ದಿಗೆಲ್ಲ ಜನ ಸರ್ವಮಂಗಳಳನ್ನೇ ನಂಬಿದ್ದರು.

“ಪ್ರಕಾಶಣ್ಣಾ, ಇದು ನಿಮ್ಮಿಬ್ರ ಒಪ್ಪಿಗೆ ಮೇಲೇನಾ?” ಎಂದು ಮೆಲ್ಲಗೆ ಕೇಳಿದಳು.

ಅಮೆರಿಕದ ವಿಷಯವಾಗಿ ಯಾರಾದರೂ ಪ್ರಶ್ನೆ ಕೇಳಿದರೆ ಶಿವಪ್ರಕಾಶನ ಎದೆ ತಾನಾಗಿ ಅಗಲವಾಗುತ್ತಿತ್ತು. “ಹೂಂ ಮಂಗಳಕ್ಕ. ಅಲ್ಲಿ ಇದೆಲ್ಲಾ ಮಾಮೂಲಿ. ವರ್ಷ ವರ್ಷ ಮಾಡ್ತಾರೆ.”

“ವರ್ಷ ವರ್ಷವಾ!”

“ಈ ವರ್ಷ ಸೆಪರೇಟ್ ಆದೋರು ಮುಂದಿನ ವರ್ಷ ಬೇಕಂದ್ರೆ ಜಾಯಿಂಟ್ ಆಗ್ಬೋದು. ಯಾರೂ ಬೇಜಾರು ಮಾಡ್ಕಳಲ್ಲ. ಮುಂದುವರಿದ ದೇಶ ನೋಡಿ.”

ಸರ್ವಮಂಗಳ ಅಂದು ತನ್ನ ಹಾಲಿನ ಲೆಕ್ಕ ಬರೆಸುವುದನ್ನೇ ಮರೆತು ಹೋದಳು. ಹೋಗುವ ದಾರಿಯಲ್ಲಿ ಅವಳಿಗೆ ಎಷ್ಟು ಮನೆಗಳು ಸಿಕ್ಕವೋ ಅಷ್ಟೂ ಮನೆಗಳಲ್ಲಿ ಆ ದಿನ ಒಲೆ ತಡವಾಗಿ ಹೊತ್ತಿತು.

ಅಂದಿನಿಂದ ಶಿವಪ್ರಕಾಶನ ಬದುಕು ಇದ್ದಕ್ಕಿದ್ದಂತೆ ಹಿತವಾಯಿತು. ಡೇರಿಯಲ್ಲಿ ಅವನ ಹಸುವಿನ ಹಾಲಿಗೆ ಎಂದೂ ಬರದ ಫ್ಯಾಟ್ ಬಂತು. ಟೀ ಅಂಗಡಿಯವನು ದುಡ್ಡು ಬೇಡವೆಂದು ಕೈಮುಗಿದ. ಸರ್ವಮಂಗಳ ಒಂದು ದಿನ ಕಡುಬು, ಮತ್ತೊಂದು ದಿನ ಕೋಳಿಸಾರು ತಂದು ಕೊಟ್ಟು, “ಹೊಟ್ಟೆ ತುಂಬ ಉಣ್ಣಿ ಪ್ರಕಾಶಣ್ಣ, ಮನಸ್ಸಿಗೆ ಹಚ್ಕಬ್ಯಾಡಿ” ಎಂದಳು. ಏನನ್ನು ಮನಸ್ಸಿಗೆ ಹಚ್ಚಿಕೊಳ್ಳಬಾರದು ಎಂದು ಅವನು ಕೇಳಲಿಲ್ಲ. ಕೋಳಿಸಾರು ಚೆನ್ನಾಗಿತ್ತು. ಟೈಯ ಮಹಿಮೆ ಊರಿಗೆ ಈಗ ಅರ್ಥವಾಗಿದೆ ಎಂದುಕೊಂಡ.

ಬುಧವಾರ ಸಂಜೆ ದೇರಪ್ಪನವರು ಬಂದರು. ಅವರು ನಿವೃತ್ತ ರೆವಿನ್ಯೂ ಇನ್ಸ್‌ಪೆಕ್ಟರು. ಊರಿನಲ್ಲಿ ಯಾವ ಜಗಳವಾದರೂ ಕೊನೆಗೆ ಅದು ಜಮೀನಿನ ಜಗಳವೇ ಆಗಿರುತ್ತದೆ ಎಂಬುದು ಅವರ ಸರ್ವಿಸ್ಸಿನ ಅನುಭವ. ಜಗಲಿಯ ಕುರ್ಚಿಯಲ್ಲಿ ಕುಳಿತು, ಮನೆಯ ನಾಲ್ಕೂ ಮೂಲೆಯನ್ನು ಕಣ್ಣಿನಲ್ಲೇ ಅಳೆದು ಕೇಳಿದರು: “ಸೆಪರೇಟ್ ಅಂತ ತೀರ್ಮಾನ ಆಯ್ತಂತೆ?”

“ಆಯ್ತು ಸಾರ್.”

“ಯಾರಿಗೆ ಏನು ಅಂತ ಮಾತಾಡಿದ್ದೀರೇನಯ್ಯಾ?”

“ಅದ್ರಲ್ಲಿ ಮಾತಾಡೋದೇನಿದೆ ಸಾರ್? ಅವಳ ಸಂಪಾದನೆ ಅವಳು ತೋರಿಸ್ತಾಳೆ. ನನ್ನದನ್ನ ತೋರಿಸೋ ಹಂಗೇ ಇಲ್ಲ.”

“ಈ ಮನೆ?”

“ಮನೆ ಸುದ್ದಿ ಎತ್ತೋದೇ ಬೇಡ ಅಂದಿದೀನಿ.”

ದೇರಪ್ಪನವರು ಮೆಚ್ಚಿ ತಲೆಯಾಡಿಸಿದರು. ಆಮೇಲೆ ಧ್ವನಿ ತಗ್ಗಿಸಿ, “ಸದ್ಯ, ಮಕ್ಕಳಿಲ್ಲ” ಎಂದರು.

“ಅದೇ ಸಾರ್ ನಷ್ಟ ಆಗಿದ್ದು! ಮಕ್ಕಳಿದ್ದಿದ್ರೆ ಒಬ್ಬೊಬ್ಬರ ಮೇಲೂ ದುಡ್ಡು ವಾಪಸ್ ಬರ್ತಿತ್ತಂತೆ.”

ದೇರಪ್ಪನವರು ತಮ್ಮ ಸರ್ವಿಸ್ಸಿನಲ್ಲಿ ಅಣ್ಣತಮ್ಮಂದಿರು ತೆಂಗಿನಮರವನ್ನು ಪಾಲು ಮಾಡಿಕೊಂಡದ್ದನ್ನು ಕಂಡಿದ್ದರು, ಬಾವಿಯನ್ನು ಪಾಲು ಮಾಡಿಕೊಂಡದ್ದನ್ನೂ ಕಂಡಿದ್ದರು. ಇಷ್ಟು ತಣ್ಣಗೆ ಮಾತಾಡುವ ಮನುಷ್ಯನನ್ನು ಕಂಡಿರಲಿಲ್ಲ. ಕೊಟ್ಟ ಕಾಫಿಯನ್ನು ಪೂರ್ತಿ ಕುಡಿಯದೆ ಎದ್ದುಹೋದರು. ಪಾಪ, ಸಕ್ಕರೆ ಕಾಯಿಲೆ ಇರಬೇಕು ಎಂದುಕೊಂಡು ಶಿವಪ್ರಕಾಶ ಉಳಿದ ಕಾಫಿಯನ್ನು ಹಸುವಿನ ಬಾನಿಗೆ ಸುರಿದ.

ಸುದ್ದಿ ಕೊಡ್ಲಿಪೇಟೆ ತಲುಪುವುದಕ್ಕೆ ಬಸ್ಸಿಗಿಂತ ಬೇಗವಾಯಿತು. ಅಲ್ಲಿದ್ದವರು ರಂಜಿತಾಳ ತಾಯಿ ಸುಲೋಚನಮ್ಮ. ಗಂಡ ಸತ್ತ ಮೇಲೆ ಕಾಫಿ, ಮೆಣಸು, ಇಬ್ಬರು ಹೆಣ್ಣುಮಕ್ಕಳು ಎಲ್ಲವನ್ನೂ ಒಬ್ಬರೇ ಹತೋಟಿಯಲ್ಲಿಟ್ಟು ದಡ ಸೇರಿಸಿದ ಹೆಂಗಸು. ಮೊದಲು ಅವರು ಸುದ್ದಿಯನ್ನು ನಂಬಲಿಲ್ಲ. ಮಗಳಿಗೆ ಫೋನ್ ಮಾಡಿದರು. ಮಗಳು ಅಲ್ಲಿ ಡ್ಯೂಟಿಯ ಮಧ್ಯೆ ಯಾರದೋ ಬಿ.ಪಿ. ನೋಡುತ್ತಿದ್ದಳು.

“ಮಗಾ, ಸೆಪರೇಟು ಅಂತ ಹೇಳ್ತಾವ್ರೆ. ನಿಜವಾ?”

“ಹೂನಮ್ಮ, ನಿಂಗ್ಯಾರು ಹೇಳಿದ್ರು? ನಂಗೆ ಜಾಯಿಂಟೇ ಇಷ್ಟ ಇತ್ತು. ಅವ್ರೇ ಬೇಡ್ವೇ ಬೇಡ ಅಂದ್ರು, ಏನು ಮಾಡ್ಲಿ? ಈಗ ಕೆಲಸದಲ್ಲಿದೀನಿ, ಆಮೇಲೆ ಮಾಡ್ತೀನಿ.”

ಫೋನು ಕಟ್ಟಾಯಿತು. ಸುಲೋಚನಮ್ಮ ಆಮೇಲಿನವರೆಗೆ ಕಾಯುವ ಪೈಕಿ ಅಲ್ಲ. ಶನಿವಾರ ಮಧ್ಯಾಹ್ನದ ಬಸ್ಸಿಗೆ ಹೊಸಕೊಪ್ಪಲಿನಲ್ಲಿ ಇಳಿದರು. ಅಳಿಯನ ಮನೆಗೆ ಬರುವಾಗ ಯಾವಾಗಲೂ ತರುತ್ತಿದ್ದ ನಾಟಿಕೋಳಿಯನ್ನು ಈ ಸಲವೂ ತಂದಿದ್ದರು. ಆದರೆ ಅದನ್ನು ಸರ್ವಮಂಗಳಳ ಮನೆಯಲ್ಲಿ ಕಟ್ಟಿಹಾಕಿ ಅಲ್ಲೇ ಉಳಿದರು.

“ಯಾಕತ್ತೆ, ಮನೆಗೆ ಬರದೆ ಇಲ್ಲೇ ಕೂತಿದ್ದೀರಿ?” ಎಂದು ಶಿವಪ್ರಕಾಶ ಬೇಲಿಯ ಮೇಲಿಂದ ಕೇಳಿದ.

ಸುಲೋಚನಮ್ಮ ಅವನನ್ನು ನೋಡದೆ ಸರ್ವಮಂಗಳಳಿಗೆ ಹೇಳಿದರು: “ನಾಳೆ ಬೆಳಿಗ್ಗೆ ನಾಕು ಜನರ ಮುಂದೆ ಬತ್ತೀನಿ ಅಂತೇಳಿ ಅಳಿಯಂದ್ರಿಗೆ.”

ನಾಲ್ಕು ಜನ ಎಂದು ಅವರು ಹೇಳಿದ್ದರೂ ಭಾನುವಾರ ಬೆಳಿಗ್ಗೆ ಬಂದವರು ಜಗಲಿ ತುಂಬಿ ಅಂಗಳಕ್ಕೆ ಇಳಿದಿದ್ದರು. ದೇರಪ್ಪನವರಿಗೆ ಕುರ್ಚಿ. ಅವರ ಪಕ್ಕದಲ್ಲಿ ಸೋಮವಾರಪೇಟೆಯ ನೋಟರಿ ವಕೀಲ ತೀರ್ಥಪ್ರಸಾದ್, ತೊಡೆಯ ಮೇಲೆ ಬ್ಯಾಗು, ಬ್ಯಾಗಿನಲ್ಲಿ ಸೀಲು. ಸುಲೋಚನಮ್ಮ ಚಾಪೆಯ ಮೇಲೆ. ಟೈ ಕಟ್ಟಿಕೊಂಡು ಕೆಲಸಕ್ಕೆ ಹೊರಟಿದ್ದ ಶಿವಪ್ರಕಾಶ ಬಾಗಿಲಲ್ಲೇ ನಿಂತುಬಿಟ್ಟ.

“ಕೂತ್ಕೋ ಶಿವಪ್ರಕಾಶ” ಎಂದರು ದೇರಪ್ಪನವರು. “ಹೊರಗೆ ಹೋಗಿ ಹತ್ತು ಜನ ನಗೋದಕ್ಕಿಂತ ಮನೆಯಲ್ಲೇ ಮುಗೀಲಿ ಅಂತ ಬಂದಿದೀವಿ.”

“ಸಾರ್, ಡ್ಯೂಟಿಗೆ ಹೊತ್ತಾಯ್ತು. ಭಾನುವಾರ, ಗೆಸ್ಟ್ ಜಾಸ್ತಿ.”

“ನೋಡಿದ್ರಾ?” ಎಂದರು ಸುಲೋಚನಮ್ಮ. “ಇಲ್ಲಿ ಸಂಸಾರ ಮುಳುಗ್ತಾ ಐತೆ, ಇವ್ರಿಗೆ ಗೆಸ್ಟು.”

“ಒಂದೇ ಮಾತು ಕಣಯ್ಯಾ” ಎಂದರು ದೇರಪ್ಪನವರು. “ಸೆಪರೇಟ್ ಬೇಡ. ಹುಡುಗಿ ಜಾಯಿಂಟಿಗೆ ತಯಾರಿದ್ದಾಳೆ. ನೀನೂ ಒಪ್ಪು. ಒಂಟಿ ಸಲಗದ ಹಾಗೆ ಎಷ್ಟು ದಿನ ಇರ್ತೀಯ?”

ಸಲಗ ಎಂದೊಡನೆ ಶಿವಪ್ರಕಾಶನ ಕೈ ಟೈಗೆ ಹೋಯಿತು. ಇವರಿಗೆ ಗೊತ್ತಾಗಿದೆಯೇ? ಗೊತ್ತಾಗಿರಲಾರದು. ಅದಕ್ಕಿಂತ ಆಶ್ಚರ್ಯವೆಂದರೆ ಅಮೆರಿಕದ ತೆರಿಗೆಯ ಮೇಲೆ ಹೊಸಕೊಪ್ಪಲಿಗೆ ಹುಟ್ಟಿದ್ದ ಈ ಕಾಳಜಿ. ತಮ್ಮ ಮನೆಯ ಕಂದಾಯ ಕೇಳಿದರೆ ಹಿತ್ತಿಲ ಬಾಗಿಲಿನಿಂದ ಓಡುವ ಜನ ಭಾನುವಾರ ಬೆಳಿಗ್ಗೆ ತಿಂಡಿ ಬಿಟ್ಟು ಬಂದು ಕೂತಿದ್ದರು.

“ಆಗಲ್ಲ ಸಾರ್” ಎಂದ. “ಜಾಯಿಂಟ್ ಅಂದ್ರೆ ಎಲ್ಲಾ ಬಿಚ್ಚಿ ತೋರಿಸ್ಬೇಕಾಗುತ್ತೆ.”

ಹೆಂಗಸರು ಸೆರಗನ್ನು ಬಾಯಿಗೆ ಅಡ್ಡ ಹಿಡಿದರು. ತೀರ್ಥಪ್ರಸಾದ್ ಗಂಟಲು ಸರಿಮಾಡಿಕೊಂಡು, “ಅದು ದಂಪತಿಗಳ ನಡುವೆ ಸಹಜವೇ ಅಲ್ವೇನ್ರೀ?” ಎಂದರು.

“ದಂಪತಿಗಳ ನಡುವೆ ಅಲ್ಲ ಸಾರ್, ಸರ್ಕಾರಕ್ಕೆ!”

“ಅಯ್ಯೋ ಅದ್ಕೇನು ಬ್ಯಾರೆ ಕೆಲ್ಸ ಇಲ್ವಾ!” ಎಂದಳು ಸರ್ವಮಂಗಳ.

ಸುಲೋಚನಮ್ಮ ಕೈ ಎತ್ತಿ ಎಲ್ಲರನ್ನೂ ಸುಮ್ಮನಾಗಿಸಿದರು. “ಸುತ್ತು ಬಳಸಿ ಮಾತು ಬ್ಯಾಡ. ಅಳಿಯಂದ್ರೇ, ರೆಸಾರ್ಟಲ್ಲಿ ಯಾರವ್ರೆ?”

“ಯಾರಿದಾರೆ ಅಂದ್ರೆ?”

“ಮಂಗಳಾ, ತಗಿ ಅದನ್ನ.”

ಸರ್ವಮಂಗಳ ಸೊಂಟದಿಂದ ಒಂದು ಕಾಗದದ ಪೊಟ್ಟಣ ತೆಗೆದು ದೇರಪ್ಪನವರ ಮುಂದೆ ಬಿಚ್ಚಿದಳು. ಒಳಗೆ ಗುಲಾಬಿ ಬಣ್ಣದ ಎಳೆಗಳ ಒಂದು ಸಣ್ಣ ಉಂಡೆ. “ಇವ್ರು ಒಗೆದು ಹರವಿದ್ದ ಅಂಗಿ ಗಾಳಿಗೆ ನಮ್ಮ ಹಿತ್ಲಿಗೆ ಬಿದ್ದಿತ್ತು. ಕೊರಳಪಟ್ಟಿ ತುಂಬ ಇದೇ. ಹೆಂಗಸ್ರ ಶಾಲಿಂದು. ದೇವ್ರಾಣೆಗೂ ನಾನು ಹುಡ್ಕಿದ್ದಲ್ಲ, ಸಿಕ್ಕಿದ್ದು.”

ಅದು ಆನೆಯ ಕಿವಿಯ ಒಳಬದಿಯ ಬಟ್ಟೆಯ ಎಳೆ. ತೀರ್ಥಪ್ರಸಾದ್ ಅದನ್ನು ಎರಡು ಬೆರಳಲ್ಲಿ ಎತ್ತಿ ಬೆಳಕಿಗೆ ಹಿಡಿದರು. ಇಡೀ ಅಂಗಳ ಆ ಎಳೆಯ ತುದಿಯಲ್ಲಿ ಒಬ್ಬ ಹೆಂಗಸನ್ನು ಕಂಡಿತು.

“ನಿಮ್ಮನ್ನ ಯಾರೋ ತಬ್ಕೋತಾರೆ” ಎಂದರು ಸುಲೋಚನಮ್ಮ. “ಇಲ್ಲ ಅನ್ನಿ ನೋಡಾನ.”

ಶಿವಪ್ರಕಾಶನ ತಾಳ್ಮೆ ತಪ್ಪಿತು. ಗಂಟೆ ಆಗುತ್ತಿತ್ತು, ಮ್ಯಾನೇಜರು ಫೋನಿನ ಮೇಲೆ ಫೋನು ಮಾಡುತ್ತಿದ್ದರು, ಗೇಟಿನಲ್ಲಿ ಆನೆ ಇರಲಿಲ್ಲ. “ಹೌದು ಅತ್ತೆ, ತಬ್ಕೋತಾರೆ! ದಿನಕ್ಕೆ ಎಷ್ಟು ಜನ ತಬ್ಕೋತಾರೋ ನಾನು ಎಣಿಸಿಲ್ಲ! ಸಾಲಾಗಿ ನಿಂತು ತಬ್ಕೋತಾರೆ, ಫೋಟೋನೂ ತೆಗೆಸ್ಕೋತಾರೆ! ಅದು ನನ್ನ ಡ್ಯೂಟಿ!”

ದೇರಪ್ಪನವರು ಎದ್ದರು, ಕೂತರು. ಆಗ ಶಿವಪ್ರಕಾಶನ ಜೇಬಿನಲ್ಲಿ ಫೋನು ಮತ್ತೆ ಬಡಿದುಕೊಂಡಿತು. ಮ್ಯಾನೇಜರು ಎಂದುಕೊಂಡು ತೆಗೆದರೆ ಪರದೆಯ ಮೇಲೆ ರಂಜಿತಾಳ ಮುಖ. ನಾಳೆ ಅವಳಿಗೆ ರಜೆ. ಮಲಗುವ ಮೊದಲು ಗಂಡನನ್ನು ನೋಡೋಣವೆಂದು ವೀಡಿಯೋ ಕಾಲ್ ಮಾಡಿದ್ದಳು. ಗಂಡನ ಹಿಂದೆ ಇಡೀ ಊರು ಕಾಣಿಸಿತು.

“ಅಯ್ಯಯ್ಯೋ, ಯಾರಿಗೇನಾಯ್ತು? ಅಮ್ಮ! ನೀನ್ಯಾವಾಗ ಬಂದೆ?”

ಸುಲೋಚನಮ್ಮ ಫೋನು ಕಿತ್ತುಕೊಂಡರು. “ನೀನು ಹೆದರಬ್ಯಾಡ ಕಣವ್ವ. ಇವ್ರು ನಿನ್ನ ಬಿಟ್ರೂ ನಾನಿದೀನಿ. ಡೈವೋರ್ಸು ಕೊಡ್ಲಿ, ಜೀವನಾಂಶಕ್ಕೆ ಹಾಕಾನ, ವಕೀಲ್ರು ಇಲ್ಲೇ ಅವ್ರೆ.”

“ಯಾರಿಗಮ್ಮ ಡೈವೋರ್ಸು?”

“ನೀನೇ ಅಲ್ವಾ ಹೇಳಿದ್ದು, ಸೆಪರೇಟು ಅಂತ?”

ಓಹಾಯೋದಲ್ಲಿ ರಂಜಿತಾ ಹಣೆ ಚಚ್ಚಿಕೊಂಡ ಸದ್ದು ಸ್ಪೀಕರಿನಲ್ಲಿ ಎಲ್ಲರಿಗೂ ಕೇಳಿಸಿತು. “ಅಮ್ಮಾ! ಅದು ಟ್ಯಾಕ್ಸು! ಇನ್‌ಕಮ್ ಟ್ಯಾಕ್ಸು! ಇಬ್ರೂ ಸೇರಿ ಒಂದೇ ಲೆಕ್ಕ ಕೊಟ್ರೆ ಜಾಯಿಂಟು, ಬೇರೆ ಬೇರೆ ಕೊಟ್ರೆ ಸೆಪರೇಟು!”

ಅಂಗಳದಲ್ಲಿ ನಿಟ್ಟುಸಿರು ಎದ್ದಿತು. ಅದರಲ್ಲಿ ಸಮಾಧಾನ ಎಷ್ಟು, ನಿರಾಸೆ ಎಷ್ಟು ಎಂದು ಬಿಡಿಸಿ ಹೇಳುವುದು ಕಷ್ಟ. ತೀರ್ಥಪ್ರಸಾದ್ ಬ್ಯಾಗಿನ ಜಿಪ್ಪು ಎಳೆದರು. ದೇರಪ್ಪನವರು, “ನಾನು ಮೊದಲೇ ಅಂದ್ಕೊಂಡೆ, ಇದು ರೆವಿನ್ಯೂ ವಿಷಯ ಅಂತ” ಎಂದರು. ಶಿವಪ್ರಕಾಶ ಮಾತ್ರ ಕೋಳಿಸಾರಿನಿಂದ ಹಿಡಿದು ಹಾಲಿನ ಫ್ಯಾಟಿನವರೆಗೆ ಒಂದೊಂದನ್ನೇ ನೆನೆದು, ಕಂಬ ಹಿಡಿದುಕೊಂಡು ಕೂತ.

ಆದರೆ ಸುಲೋಚನಮ್ಮ ಹಿಡಿದದ್ದನ್ನು ಸುಲಭಕ್ಕೆ ಬಿಡುವವರಲ್ಲ. “ಟ್ಯಾಕ್ಸೇ ಆಗ್ಲಿ, ಗಂಡ ಹೆಂಡ್ತಿ ಮಧ್ಯೆ ಸೆಪರೇಟು ಅನ್ನೋ ಮಾತು ಯಾಕೆ? ಜಾಯಿಂಟೇ ಮಾಡು.”

“ನಾನೂ ಅದೇ ಹೇಳಿದ್ದಮ್ಮ. ಜಾಯಿಂಟಲ್ಲಿ ದುಡ್ಡೂ ಉಳಿಯುತ್ತೆ. ಇವ್ರೇ ಬೇಡ ಅಂದ್ರು. ಯಾಕ್ರೀ ಬೇಡ?” ಎಂದಳು ರಂಜಿತಾ. ಅವಳ ಧ್ವನಿಯಲ್ಲಿ ಈಗ ಬೇರೆ ಏನೋ ಇತ್ತು. “ಅವತ್ತು ಅಷ್ಟು ಜೋರಾಗಿ ಬೇಡ್ವೇ ಬೇಡ ಅಂದ್ರಲ್ಲ, ನಂಗೂ ಒಂಥರಾ ಆಯ್ತು. ಒಂದು ಕಾಗದದ ಮೇಲಾದ್ರೂ ಇಬ್ರ ಹೆಸರು ಒಟ್ಟಿಗೆ ಇರ್ಲಿ ಅಂತಿದ್ದೆ ನಾನು.”

ಶಿವಪ್ರಕಾಶ ನೆಲ ನೋಡುತ್ತ, “ಆಯ್ತು, ಜಾಯಿಂಟೇ ಮಾಡು” ಎಂದ.

“ಸರಿ, ಫಾರಮ್ಮು ಮುಂದೇನೇ ಇದೆ. ಗಂಡನ ಉದ್ಯೋಗ ಅಂತ ಒಂದು ಜಾಗ ಬಿಟ್ಟವ್ರೆ. ಗೆಸ್ಟ್ ರಿಲೇಷನ್ಸ್ ಎಕ್ಸಿಕ್ಯೂಟಿವ್ ಅಂತ ಬರೀಲಾ?”

“ಹೂಂ” ಎಂದು ಹೇಳಿದ್ದರೆ ಕಥೆ ಅಲ್ಲಿಗೆ ಮುಗಿಯುತ್ತಿತ್ತು. ಬಾಯಿ ತೆರೆದದ್ದೂ ನಿಜ. ಅಷ್ಟರಲ್ಲಿ ರಂಜಿತಾ, “ಸುಳ್ಳು ಬರೆದ್ರೆ ಶಿಕ್ಷೆ ಅಂತ ಕೆಳಗೇ ಬರೆದಿದೆ ರೀ, ಸರಿಯಾಗಿ ಹೇಳಿ. ನಾನೂ ಸೈನ್ ಹಾಕ್ಬೇಕು” ಎಂದಳು.

“ಹೌದು, ಅದು ಪ್ರಮಾಣಪತ್ರಕ್ಕೆ ಸಮಾನ” ಎಂದರು ತೀರ್ಥಪ್ರಸಾದ್, ಕೊನೆಗೂ ಒಂದು ಮಾತಿಗೆ ಅವಕಾಶ ಸಿಕ್ಕ ಸಂತೋಷದಲ್ಲಿ.

ಶಿವಪ್ರಕಾಶ ಟೈ ಸಡಿಲಿಸಿದ. ಸಮುದ್ರದ ಆಚೆ ಹೆಂಡತಿ ಜೈಲಿನ ಕಂಬಿ ಹಿಡಿದು ನಿಂತ ಚಿತ್ರ ಕಣ್ಣಮುಂದೆ ಬಂತು. ಮೆಲ್ಲನೆ ಹೇಳಿದ: “ಆನೆ.”

“ಏನು?”

“ಆನೆ ಅಂತ ಬರಿ.”

“ಕಾವಾಡಿಯೇನಯ್ಯಾ?” ಎಂದರು ದೇರಪ್ಪನವರು. “ಮಾವುತನಾ?”

“ಅಲ್ಲ ಸಾರ್. ನಾನೇ ಆನೆ.” ಒಂದು ಸಲ ಹೊರಬಿದ್ದ ಮೇಲೆ ಮಾತು ತಡೆಯಿಲ್ಲದೆ ಬಂತು. “ಎಕ್ಸಿಕ್ಯೂಟಿವ್ ಇಲ್ಲ, ಏನಿಲ್ಲ. ಸ್ಟುಡಿಯೋ ಮುಚ್ಚಿದ ಮೇಲೆ ಬೇರೆ ಕೆಲಸ ಸಿಗಲಿಲ್ಲ. ಬೆಳಿಗ್ಗೆಯಿಂದ ಸಂಜೆವರೆಗೂ ಆನೆ ವೇಷ ಹಾಕ್ಕೊಂಡು ಗೇಟಲ್ಲಿ ನಿಲ್ತೀನಿ. ಮಕ್ಕಳು ತಬ್ಕೋತಾವೆ. ಆ ಗುಲಾಬಿ ಎಳೆ ಆನೆ ಕಿವೀದು. ಅಮೆರಿಕದಲ್ಲಿರೋ ನರ್ಸಮ್ಮನ ಗಂಡ ಆನೆ ಅಂತ ಹೆಂಗೆ ಹೇಳ್ಲಿ?”

ನಗು ಯಾರಿಂದ ಮೊದಲು ಬರುತ್ತದೆ ಎಂದು ಎಲ್ಲರೂ ಕಾಯುತ್ತಿದ್ದರು. ಬಂದದ್ದು ಓಹಾಯೋದಿಂದ. ರಂಜಿತಾ ಫೋನಿನಿಂದಾಚೆ ಬಿದ್ದು ನಗುತ್ತಿದ್ದಳು. ಪರದೆಯ ಮೇಲೆ ಬರೀ ಫ್ಯಾನು ಕಾಣುತ್ತಿತ್ತು. ಆಮೇಲೆ ಕಣ್ಣು ಒರೆಸಿಕೊಂಡು ಪರದೆಯೊಳಕ್ಕೆ ಬಂದಾಗ ಅವಳ ತಲೆಯ ಮೇಲೆ ಎರಡು ಉದ್ದನೆಯ ಬಿಳಿಯ ಕಿವಿಗಳಿದ್ದವು.

“ಈಸ್ಟರ್ ಹಬ್ಬಕ್ಕೆ ಅಂತ ನಮಗೆಲ್ಲ ಮೊಲ ಮಾಡಿದ್ದಾರೆ ರೀ. ಇದನ್ನ ಹಾಕ್ಕೊಂಡೇ ಅಜ್ಜ ಅಜ್ಜಿಗಳಿಗೆ ಮಾತ್ರೆ ಕೊಟ್ಟೆ ಇವತ್ತು. ನೀವು ನೋಡಿದ್ರೆ ಆಡ್ಕೋತೀರಿ ಅಂತ ಬಚ್ಚಿಟ್ಟಿದ್ದೆ.”

ಸುಲೋಚನಮ್ಮ ಒಮ್ಮೆ ಫೋನಿನಲ್ಲಿದ್ದ ಮೊಲವನ್ನು, ಒಮ್ಮೆ ಕಂಬಕ್ಕೊರಗಿದ್ದ ಆನೆಯನ್ನು ನೋಡಿದರು. ಆಮೇಲೆ ಸರ್ವಮಂಗಳಳ ಕಡೆ ತಿರುಗಿ, “ಹೋಗವ್ವ, ಕೋಳಿ ತಗಂಡು ಬಾ” ಎಂದರು.

ಆಮೇಲಿನದೆಲ್ಲ ಬೇಗ ಬೇಗ ನಡೆಯಿತು. ಶಿವಪ್ರಕಾಶನಿಗೂ ಅಮೆರಿಕದ ಒಂದು ತೆರಿಗೆ ನಂಬರು ಬೇಕಾಗುತ್ತದೆ, ಅದಕ್ಕೆ ಅವನ ಪಾಸ್‌ಪೋರ್ಟು ಕಳಿಸಬೇಕು ಎಂದು ರಂಜಿತಾ ಹೇಳಿದಳು. ಜೆರಾಕ್ಸಿನ ಮೇಲೆ ತಾನು ಸೀಲು ಹಾಕಿಕೊಡುವುದಾಗಿ ತೀರ್ಥಪ್ರಸಾದ್ ಮುಂದೆ ಬಂದರು. ಇಲ್ಲಿಯ ನೋಟರಿ ಸೀಲು ಅಲ್ಲಿ ನಡೆಯುವುದಿಲ್ಲವೆಂದು ತಿಳಿದಾಗ ಬಹಳ ನೊಂದು, “ನನ್ನ ಸೀಲು ನಡೆಯದ ದೇಶ ಅದೆಂಥ ದೇಶ ಕಣ್ರೀ” ಎಂದು ಬ್ಯಾಗು ಎತ್ತಿಕೊಂಡು ಬಸ್ಸು ಹಿಡಿದರು. ಅಸಲು ಪಾಸ್‌ಪೋರ್ಟೇ ಕುಶಾಲನಗರದಿಂದ ಕೊರಿಯರಿನಲ್ಲಿ ಹೋಯಿತು. ಮೊಬೈಲಿಗೆ ಬಂದ ಫಾರಮ್ಮಿನ ಪ್ರಿಂಟು ತೆಗೆಸಿ, ಅದರ ಮೇಲೆ ಹೆಂಡತಿಯ ಹೆಸರಿನ ಪಕ್ಕದಲ್ಲಿ ಶಿವಪ್ರಕಾಶ ಸೈನ್ ಹಾಕುವಾಗ ದೇರಪ್ಪನವರು ಬೆರಳಿಟ್ಟು ಜಾಗ ತೋರಿಸಿದರು. ಉದ್ಯೋಗದ ಜಾಗದಲ್ಲಿ ರಂಜಿತಾ ಇಂಗ್ಲಿಷಿನಲ್ಲಿ ಏನು ಬರೆದಿದ್ದಾಳೆಂದು ಓದಿ, ಅದಕ್ಕೆ ಕನ್ನಡದಲ್ಲಿ ಕಲಾವಿದ ಎಂದು ಅರ್ಥ ಹೇಳಿದವರೂ ಅವರೇ.

ಶಿವಪ್ರಕಾಶ ಆ ಭಾನುವಾರದ ಮರುದಿನದಿಂದಲೇ ಟೈ ಕಟ್ಟಲಿಲ್ಲ. ಊರಿನವರು ಒಂದೆರಡು ದಿನ ಘೀಳಿಟ್ಟು ನಕ್ಕರು. ಆಮೇಲೆ ಅವರ ಮಕ್ಕಳು ತಮ್ಮನ್ನೂ ರೆಸಾರ್ಟಿಗೆ ಬಿಡಿಸೆಂದು ಶಿವಪ್ರಕಾಶನ ಹಿಂದೆ ಬಿದ್ದ ಮೇಲೆ ದೊಡ್ಡವರ ನಗು ಹಲ್ಲುಕಿರಿಯುವಿಕೆಗೆ ಇಳಿಯಿತು.

ಸುಲೋಚನಮ್ಮ ಮಾತ್ರ ಊರಿಗೆ ಹೋಗುವ ಸುದ್ದಿ ಎತ್ತಲಿಲ್ಲ. ಅಳಿಯನ ಮನೆಯಲ್ಲೇ ಉಳಿದು ಅಡಿಗೆ ಮಾಡಿ ಹಾಕಿದರು. ಕೆಲಸದ ಬಗ್ಗೆ ಒಳ್ಳೆಯದನ್ನೂ ಹೇಳಲಿಲ್ಲ, ಕೆಟ್ಟದ್ದನ್ನೂ ಹೇಳಲಿಲ್ಲ. ಮುಂದಿನ ಭಾನುವಾರ ಶಿವಪ್ರಕಾಶ ಹೊರಟು ಹೋದ ಮೇಲೆ, ರೇಷ್ಮೆ ಸೀರೆ ಉಟ್ಟು, ಸರ್ವಮಂಗಳಳನ್ನು ಕರೆದುಕೊಂಡು ಆಟೋ ಹತ್ತಿದರು.

ಬಿಸಿಲು ಏರಿತ್ತು. ರೆಸಾರ್ಟಿನ ಗೇಟಿನಲ್ಲಿ ಬೆಂಗಳೂರಿನ ಕಾರುಗಳು ಸಾಲುಗಟ್ಟಿದ್ದವು. ಮಕ್ಕಳ ಗುಂಪಿನ ನಡುವೆ ಬೂದುಬಣ್ಣದ ದೊಡ್ಡ ಆನೆಯೊಂದು ಒಂದು ಕಾಲೆತ್ತಿ ಕುಣಿಯುತ್ತಿತ್ತು. ಅಳುತ್ತಿದ್ದ ಒಂದು ಪುಟ್ಟ ಮಗುವಿನ ಕೆನ್ನೆಯನ್ನು ಅದು ಸೊಂಡಿಲಿನಿಂದ ತಟ್ಟಿತು. ಮಗು ಅಳು ನಿಲ್ಲಿಸಿ ಸೊಂಡಿಲು ಹಿಡಿದುಕೊಂಡು ಜೋತುಬಿತ್ತು. ಸುಲೋಚನಮ್ಮ ಸ್ವಲ್ಪ ಹೊತ್ತು ದೂರದಿಂದಲೇ ನೋಡಿದರು. ಆಮೇಲೆ ಮಕ್ಕಳ ಸಾಲಿನ ಹಿಂದೆ ಹೋಗಿ ನಿಂತರು.

ಅವರ ಸರದಿ ಬಂತು. ಎದುರಿಗೆ ಅತ್ತೆ ನಿಂತದ್ದನ್ನು ಕಂಡು ಆನೆ ಕಲ್ಲಾಯಿತು. ಆನೆ ಗೆಸ್ಟುಗಳ ಮುಂದೆ ಮಾತಾಡುವಂತಿಲ್ಲ, ಅದು ರೆಸಾರ್ಟಿನ ಕಟ್ಟುನಿಟ್ಟಿನ ನಿಯಮ. ಸುಲೋಚನಮ್ಮ ಸುತ್ತ ನೋಡಿ, ದೇವಸ್ಥಾನದ ಆನೆಗೆ ಮಾಡುವಂತೆ ಸೊಂಡಿಲ ತುದಿಗೆ ಹತ್ತು ರೂಪಾಯಿಯ ನೋಟು ಸಿಕ್ಕಿಸಿ, ತಲೆ ಬಾಗಿಸಿದರು.

ಮಕ್ಕಳು ಚಪ್ಪಾಳೆ ತಟ್ಟಿದರು. ಮ್ಯಾನೇಜರು ನೋಡುತ್ತಿದ್ದರು. ಆನೆಗೆ ಬೇರೆ ದಾರಿಯಿರಲಿಲ್ಲ. ದಾರ ಎಳೆಯಿತು, ಸೊಂಡಿಲು ಮೆಲ್ಲಗೆ ಎದ್ದು ಅತ್ತೆಯ ನೆತ್ತಿಯ ಮೇಲೆ ಕುಳಿತು ಆಶೀರ್ವಾದ ಮಾಡಿತು.

ಸುಲೋಚನಮ್ಮ ತಲೆಯೆತ್ತಿ, ಆನೆಯ ಬಾಯಿಯ ಜಾಲರಿಯೊಳಗೆ ಕಣ್ಣಿಟ್ಟು, ಗುಟ್ಟಾಗಿ ಕೇಳಿದರು: “ಅಳಿಯಂದ್ರೇ, ಒಳಗೆ ಬಾಳ ಸೆಕೆ ಆಯ್ತದಾ?”

ಆನೆ ಹೌದೆಂದು ಕಿವಿಯಾಡಿಸಿತು.

ಸುಲೋಚನಮ್ಮ ಹಿಂದೆ ನಿಂತಿದ್ದ ಮಕ್ಕಳನ್ನು ಒಂದೇ ಗದರಿಕೆಗೆ ಸುಮ್ಮನಾಗಿಸಿ, ರೇಷ್ಮೆ ಸೀರೆಯ ಸೆರಗು ಬಿಡಿಸಿಕೊಂಡು, ಜಾಲರಿಗೆ ಗಾಳಿ ಬೀಸತೊಡಗಿದರು.